ಮೇಲ್ಮನವಿಯ ತಯಾರಿ ವಿಚಾರಣೆಯ ದಿನವೇ ಶುರು

ಕೆಳ ಕೋರ್ಟಿನಲ್ಲಿ ಆದ ತಪ್ಪನ್ನು ಹೈಕೋರ್ಟಿನಲ್ಲಿ ಹೇಳಿಕೊಂಡರಾಯಿತು ಎಂದು ಎಷ್ಟೋ ಆರೋಪಿಗಳು ಸುಮ್ಮನಿರುತ್ತಾರೆ. ಆದರೆ ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಸಾಕ್ಷಿಗಳು ಮತ್ತೆ ಬರುವುದಿಲ್ಲ. ಅಲ್ಲಿ ಮಾತಾಡುವುದು ಕೆಳ ಕೋರ್ಟಿನ ಕಡತ. ಅದರ ಮೇಲೆ ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನದ ಈಗಿನ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 511ನೇ ಕಲಂ ಬೇರೆ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 465 ಆಗಿತ್ತು. ಕಾರ್ಯವಿಧಾನ ತಪ್ಪಿದೆ ಎಂದಷ್ಟೇ ತೋರಿಸಿದರೆ ತೀರ್ಪು ರದ್ದಾಗದು. ಅದರಿಂದ ಅನ್ಯಾಯವಾಗಿದೆ ಎಂದು ತೋರಿಸಬೇಕು. ಆಗಲೇ ಯಾಕೆ ತಕರಾರು ಎತ್ತಲಿಲ್ಲ ಎಂಬುದನ್ನೂ ಕೋರ್ಟು ನೋಡುತ್ತದೆ.

ಮೊದಲನೆಯದು, ದಾಖಲೆ ಗುರುತಿಸುವ ಹೊತ್ತು. ಸರ್ಕಾರಿ ವಕೀಲರು ಮೊಬೈಲ್ ಕರೆ ವಿವರ ಹಾಜರುಪಡಿಸಿದರು, ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ದೃಢೀಕರಣ ಪ್ರಮಾಣಪತ್ರ ಜೊತೆಗಿಲ್ಲ ಎಂದುಕೊಳ್ಳಿ. ನಿಮ್ಮ ವಕೀಲರು ಆ ಕ್ಷಣವೇ ಆಕ್ಷೇಪಿಸಬೇಕು. ಹರಿಯಾಣದ ಒಂದು ಪ್ರಕರಣದಲ್ಲಿ ಇದೇ ತಕರಾರನ್ನು ಮೇಲ್ಮನವಿಯಲ್ಲಿ ಮೊದಲ ಬಾರಿಗೆ ಎತ್ತಿದಾಗ ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ. ಬಾಯಿಮಾತಿನ ಆಕ್ಷೇಪ ಸಾಲದು, ಸಾಕ್ಷಿಯ ಹೇಳಿಕೆಯಲ್ಲಿ ಬರೆಸಿ. ಬರೆದುಕೊಳ್ಳದಿದ್ದರೆ ಅದೇ ದಿನ ಮೆಮೊ, ಅಂದರೆ ಕೋರ್ಟಿಗೆ ಲಿಖಿತ ಟಿಪ್ಪಣಿ, ಹಾಕಿ. ಪ್ರಶ್ನೆಗಳಿಗೆ ಬಂದ ಆಕ್ಷೇಪವನ್ನು ಆಗಲೇ, ತಪ್ಪಿದರೆ ಆ ಸಾಕ್ಷಿಯ ವಿಚಾರಣೆ ಮುಗಿದಾಗ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹಾಗಾಗಿ ಆದೇಶ ಕೇಳುವುದಕ್ಕೆ ಸಂಕೋಚ ಬೇಡ.

ನನ್ನ ಪ್ರಕಾರ ಜಾಸ್ತಿ ಕೇಸುಗಳು ಸೊರಗುವುದು ಪಾಟೀ ಸವಾಲಿನಲ್ಲಿ. ಪೊಲೀಸರ ಮುಂದೆ 'ಕತ್ತಲಿತ್ತು, ಮುಖ ಕಾಣಲಿಲ್ಲ' ಎಂದ ಸಾಕ್ಷಿ ಕೋರ್ಟಿನಲ್ಲಿ 'ನೋಡಿದೆ' ಎನ್ನುತ್ತಾರೆ. ಹಳೆಯ ಹೇಳಿಕೆಯ ಆ ಸಾಲನ್ನೇ ತೋರಿಸಿ ಕೇಳಬೇಕು. ಹಾಗೆ ಹೇಳಿಲ್ಲ ಎಂದು ಸಾಕ್ಷಿ ನಿರಾಕರಿಸಿದರೆ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ತನಿಖಾಧಿಕಾರಿ ಕಟಕಟೆಗೆ ಬಂದಾಗ 'ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?' ಎಂದು ಕೇಳಿ, ಆ ಭಾಗವನ್ನು ಡಿ ನಿಶಾನೆಯಾಗಿ, ಅಂದರೆ ಆರೋಪಿ ಪರ ದಾಖಲೆಯಾಗಿ, ಗುರುತಿಸಬೇಕು. ಇದು ಬಿಟ್ಟುಹೋದರೆ ವಿರೋಧಾಭಾಸ ಸಾಬೀತಾಗಿಲ್ಲ ಎಂದೇ ಲೆಕ್ಕ. ಪೊಲೀಸ್ ಹೇಳಿಕೆಯಲ್ಲಿ ಇಲ್ಲದ ಮುಖ್ಯ ಸಂಗತಿಯನ್ನು ಸಾಕ್ಷಿ ಕೋರ್ಟಿನಲ್ಲಿ ಹೊಸದಾಗಿ ಹೇಳಿದರೂ ಇದೇ ದಾರಿ.

ಆರೋಪಿ ಕೂಡ ಕಿವಿಗೊಡಬೇಕು. ಬರೆದುಕೊಂಡ ಸಾಕ್ಷ್ಯವನ್ನು ಓದಿ ಹೇಳುವಾಗ ಮಾತು ಬದಲಾಗಿದ್ದರೆ ವಕೀಲರ ಗಮನಕ್ಕೆ ತನ್ನಿ. ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನಿಸುವ ದಿನ, ವಿರುದ್ಧವಾದ ಮುಖ್ಯ ಸಾಕ್ಷ್ಯದ ಬಗ್ಗೆ ಕೇಳಿಯೇ ಇಲ್ಲ ಎನಿಸಿದರೆ ಆಗಲೇ ವಕೀಲರಿಂದ ಹೇಳಿಸಿ. ಅದರಿಂದ ನಿಮಗೆ ಏನು ತೊಂದರೆಯಾಯಿತು ಎಂದು ಮೇಲಿನ ಕೋರ್ಟು ಕೇಳುತ್ತದೆ.

ಶಿಕ್ಷೆಯಾದರೆ ದಿನ ಎಣಿಸಿ. ಮೇಲ್ಮನವಿ ಸಲ್ಲಿಸಲು ಸೆಷನ್ಸ್ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗೆ 60. ಮರಣದಂಡನೆಯಾದರೆ ಹೈಕೋರ್ಟಿಗೂ 30 ದಿನವೇ. ದೃಢೀಕೃತ ನಕಲು ಪಡೆಯಲು ಬೇಕಾದ ದಿನಗಳು ಲೆಕ್ಕಕ್ಕಿಲ್ಲ. ಜೈಲುಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ತಕ್ಷಣ ಉಚಿತವಾಗಿ ಕೊಡಬೇಕು. ಒಳಗಿರುವವರು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ಅದರಲ್ಲಿ 'ಸಾಕ್ಷ್ಯ ಸರಿಯಾಗಿ ಪರಿಗಣಿಸಿಲ್ಲ' ಎಂದು ಒಂದು ಸಾಲು ಗೀಚಬೇಡಿ. ಯಾವ ಸಾಕ್ಷಿ, ಯಾವ ಪುಟ, ಯಾವ ದಿನದ ಆಕ್ಷೇಪ ಎಂದು ಬಿಡಿಸಿ ಬರೆಯಿರಿ.