ಆಲಿಕಲ್ಲಿನ ಸುದ್ದಿ ಮೊದಲೇ ಮುಟ್ಟಿಸಲು ಕುರಿಗಾಹಿಗಳಿಗೆ ಕೊಟ್ಟ ತರಬೇತಿ: ನನ್ನ ಅನುಭವ

ಗುಡುಗುಮಳೆ, ಆಲಿಕಲ್ಲುಗಳನ್ನು ಗುರುತಿಸಿ ವರದಿ ಮಾಡುವುದನ್ನು ಕುರಿಗಾಹಿಗಳಿಗೂ ದ್ರಾಕ್ಷಿ ತೋಟದ ಆಳುಗಳಿಗೂ ಕಲಿಸಲಾಗದು ಎಂದು ನನ್ನೊಡನೆ ವಾದಿಸಿದವರು ಹಲವರು. ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಮುತ್ತ ಮೂರು ಬೇಸಿಗೆ ದುಡಿದ ಮೇಲೆ, ಕಳೆದ ಏಪ್ರಿಲ್‌ನಲ್ಲಿ ಅದು ಕೈಗೂಡಿತು.

ಮೊದಲ ವರ್ಷ ನಾನು ಮಾಡಿದ್ದು ದೊಡ್ಡ ತಪ್ಪು. ಬಿರುಗಾಳಿ-ಮಳೆ ಗುರುತಿಸಿ ವರದಿ ಮಾಡಲು ಸ್ವಯಂಸೇವಕರಿಗೆ ಕಲಿಸುವ ಅಮೆರಿಕದ ಸ್ಕೈವಾರ್ನ್ ತರಬೇತಿಯ ಚಿತ್ರಗಳನ್ನು ಹಾಗೆಯೇ ತೋರಿಸಿದೆ. ಓಕ್ಲಹೋಮಾದ ಸುಂಟರಗಾಳಿಯ ಮೋಡಗಳನ್ನು ಕಂಡವರು, ಇಲ್ಲಿ ತಗ್ಗಿನಲ್ಲಿ ತೇಲಿದ ಪ್ರತಿಯೊಂದು ಮೋಡದಲ್ಲೂ ಸೊಂಡಿಲು ಕಂಡು ಸಂದೇಶ ಕಳಿಸತೊಡಗಿದರು. ಊಟ, ಪ್ರೊಜೆಕ್ಟರ್ ಬಾಡಿಗೆ, ಮುದ್ರಿತ ನಮೂನೆಗಳೆಂದು ಸುಮಾರು 22 ಸಾವಿರ ರೂಪಾಯಿ ಖರ್ಚಾಯಿತು. ಅರ್ಧ ಭರಿಸುವುದಾಗಿ ಹೇಳಿದ್ದ ಕಚೇರಿ ಕೊನೆಗೂ ಹಣ ಕೊಡಲಿಲ್ಲ. ಅರುವತ್ತು ಜನರಲ್ಲಿ ಉಳಿದವರು ಹದಿನೈದೋ ಹದಿನಾರೋ.

ಎರಡನೆಯ ವರ್ಷ ಮೋಡದ ಹೆಸರುಗಳನ್ನೆಲ್ಲ ಕೈಬಿಟ್ಟು, ಕಂಡದ್ದನ್ನು ಅಳೆಯುವುದನ್ನು ಮಾತ್ರ ಕಲಿಸಿದೆ. ಆಲಿಕಲ್ಲು ಎಷ್ಟು ದಪ್ಪವೆಂದು ಕೇಳಿದರೆ ಎಲ್ಲರೂ ನಿಂಬೆಹಣ್ಣಿನಷ್ಟು ಎನ್ನುತ್ತಿದ್ದರು. ಹಳೆಯ ಎಣ್ಣೆ ಡಬ್ಬದ ತಗಡಿನಲ್ಲಿ 10, 20, 30 ಮಿಲಿಮೀಟರಿನ ಮೂರು ತೂತು ಕೊರೆಸಿ, ಒಂದಕ್ಕೆ ಮೂವತ್ತು ರೂಪಾಯಿಯಂತೆ ಮಾಡಿಸಿ ಹಂಚಿದೆ. ಅಂಗಳದಿಂದ ಆಯ್ದ ಕಲ್ಲು ಯಾವ ತೂತಿನಲ್ಲಿ ಸಿಕ್ಕಿಕೊಂಡಿತು ಎಂಬುದಷ್ಟೇ ವರದಿ. ಅಂದಿನಿಂದ ನಿಂಬೆಹಣ್ಣು ಬಹುಮಟ್ಟಿಗೆ ಮಾಯವಾಯಿತು. ಗಾಳಿಗೂ ಹೀಗೆಯೇ: ಬೇವಿನ ಸಣ್ಣ ರೆಂಬೆಗಳು ಮುರಿದು ಬಿದ್ದರೆ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿದೆ ಎಂದು ಲೆಕ್ಕ.

ಮಿಂಚಿನಿಂದ ಗುಡುಗಿನವರೆಗೆ ಎಣಿಸುವಾಗ ಎಲ್ಲರೂ ಅವಸರಪಡುತ್ತಿದ್ದರು. ‘ಸಾವಿರದ ಒಂದು, ಸಾವಿರದ ಎರಡು’ ಎಂದು ಬಾಯಿಬಿಟ್ಟು ಎಣಿಸಲು ಹೇಳಿದ ಮೇಲೆ ಎಣಿಕೆ ಸೆಕೆಂಡಿಗೆ ಹೊಂದಿಕೊಂಡಿತು. ಮೂರು ಎಣಿಕೆಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ವರದಿಯನ್ನು ಮರೆತು ಮನೆಯೊಳಗೆ ಸೇರಬೇಕು. ಹುಡುಗನೊಬ್ಬ ವಿಡಿಯೊ ಮಾಡಲು ಆಲದ ಮರದಡಿ ನಿಂತಿದ್ದನೆಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ನಿಯಮ ಮುರಿದವರನ್ನು ಎಷ್ಟೇ ಚುರುಕಾಗಿದ್ದರೂ ನಾನು ತಂಡದಲ್ಲಿ ಇಟ್ಟುಕೊಳ್ಳುವುದಿಲ್ಲ.

ನಡುವೆ ಥರ್ಮೊಕೋಲಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಆಲಿಕಲ್ಲಿನ ಗುರುತು ಹಿಡಿಯುವ ಹಲಗೆಗಳನ್ನೂ ಮಾಡಿ ನೋಡಿದೆ. ಹನ್ನೆರಡರಲ್ಲಿ ಐದನ್ನು ಗಾಳಿ ಹೊತ್ತೊಯ್ದಿತು, ಉಳಿದವುಗಳಲ್ಲಿ ಹೆಚ್ಚಿನವನ್ನು ಕಾಗೆಗಳು ಕುಕ್ಕಿ ಹಾಳುಮಾಡಿದವು. ಕಲ್ಲು ಕಟ್ಟಿ ಮಾಳಿಗೆಯ ಮೇಲಿಟ್ಟ ಎರಡು ಮಾತ್ರ ನಂಬುವಂಥ ಗುರುತು ಕೊಟ್ಟವು.

ನನ್ನ ಪದ್ಧತಿಯ ಜೀವಾಳ ಬೇರೆಯೇ ಇದೆ. ಮಾರ್ಚ್‌ನಿಂದ ಮೇವರೆಗೆ ದಿನವೂ ಸಂಜೆ ನಾಲ್ಕಕ್ಕೆ ಎಲ್ಲರೂ ಧ್ವನಿ ಸಂದೇಶ ಕಳಿಸಬೇಕು, ಆಕಾಶ ಶುಭ್ರವಾಗಿದ್ದರೂ ‘ಏನೂ ಇಲ್ಲ’ ಎನ್ನಬೇಕು. ಹಾಗೆ ಹೇಳಿ ಅಭ್ಯಾಸವಾದವನು ‘ಇದೆ’ ಎಂದಾಗ ಅನುಮಾನಪಡಬೇಕಾಗಿಲ್ಲ. ದೂರದಿಂದಲೇ ಮಳೆಯ ತೆರೆಯನ್ನೂ ಆಲಿಕಲ್ಲಿನ ತೆರೆಯನ್ನೂ ಬೇರ್ಪಡಿಸುವ ಒಂದು ಗುರುತಿದೆ. ಅದನ್ನು ಬಯಲಿನಲ್ಲಿ ಪಕ್ಕದಲ್ಲಿ ನಿಂತೇ ತೋರಿಸಬೇಕಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್‌ನ ಆ ಸಂಜೆ ಬಿಜ್ಜರಗಿ ಕಡೆಯ ಕುರಿಗಾಹಿಯೊಬ್ಬರು, ‘ಸರ್, ಎರಡನೇ ತೂತಿನ್ಯಾಗ ಸಿಕ್ಕೈತ್ರಿ, ಮೋಡ ನಿಮ್ಮ ಕಡೆನ ಹೊಂಟೈತ್ರಿ’ ಎಂದರು. ದಾಮಿನಿ ಆ್ಯಪ್ ಮಿಂಚನ್ನು ತೋರಿಸುತ್ತಿತ್ತಾದರೂ ಆಲಿಕಲ್ಲಿನ ಸುದ್ದಿ ಸಿಕ್ಕಿದ್ದು ಅವರಿಂದಲೇ. ಒಣದ್ರಾಕ್ಷಿ ಶೆಡ್ಡುಗಳವರಿಗೆ ಫೋನಾಯಿಸಿದೆ. ಮಳೆ ಬರುವ ಮುನ್ನ ಇಪ್ಪತ್ತೈದು ನಿಮಿಷವಾದರೂ ಸಿಕ್ಕಿರಬೇಕು. ಒಂಬತ್ತು ಶೆಡ್ಡುಗಳಲ್ಲಿ ಏಳಕ್ಕೆ ತಾಡಪತ್ರಿ ಬಿಗಿದಿದ್ದರು. ಉಳಿದೆರಡರಲ್ಲಿ ಹನ್ನೆರಡು ದಿನ ಒಣಗಿದ್ದ ಮಾಲು ತೊಯ್ದು ಕಪ್ಪಾಯಿತು.

ರಾತ್ರಿ ಒಂಬತ್ತರ ನಂತರದ ವರದಿಗಳು ಈಗಲೂ ತೀರಾ ಕಡಿಮೆ. ಪಂಪ್‌ಸೆಟ್ಟಿಗೆ ರಾತ್ರಿ ತ್ರೀಫೇಸ್ ವಿದ್ಯುತ್ ಬರುವುದನ್ನು ಕಾಯುತ್ತ ಎಚ್ಚರವಿರುವ ರೈತರನ್ನು ಈ ಬೇಸಿಗೆಗೆ ಸೇರಿಸಿಕೊಳ್ಳುತ್ತಿದ್ದು, ಈವರೆಗೆ ಹನ್ನೊಂದು ಮಂದಿ ತಗಡು ಒಯ್ದಿದ್ದಾರೆ.