ಉಡುಪಿ ತಾರಸಿಯಿಂದ ಸೋಲಾರ್ ಆರ್ಬಿಟರ್‌ವರೆಗೆ: ಒಂದು ಸೌರ ರೇಡಿಯೊ ಸ್ಫೋಟದ ಬೆನ್ನು ಹತ್ತುವ ಬಗೆ

ಸೂರ್ಯನಿಂದ ಚಿಮ್ಮಿದ ಎಲೆಕ್ಟ್ರಾನ್‌ಗಳು ದೂರ ಹೋದಂತೆಲ್ಲ ಸುತ್ತಲಿನ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಅನಿಲ) ತೆಳುವಾಗುತ್ತದೆ. ಅವು ಎಬ್ಬಿಸುವ ರೇಡಿಯೊ ಅಲೆಯ ಆವರ್ತನವೂ ಇಳಿಯುತ್ತದೆ. ಇದು ಟೈಪ್ 3 ಸ್ಫೋಟ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನದ್ದನ್ನು ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ನೆಲಕ್ಕೆ ಬಿಡುವುದಿಲ್ಲ. ಆರಂಭ ತಾರಸಿಯಲ್ಲಿ ಸಿಕ್ಕೀತು, ಮುಂದಿನ ದಾರಿಯನ್ನು ಬಾಹ್ಯಾಕಾಶ ನೌಕೆಯಿಂದಲೇ ಓದಬೇಕು. ಆದಿತ್ಯ ಎಲ್1ರಲ್ಲಿ ಇದಕ್ಕೆ ಉಪಕರಣವಿಲ್ಲ. ಸೂರ್ಯನನ್ನು ಸುತ್ತುವ ಯುರೋಪಿನ ನೌಕೆ ಸೋಲಾರ್ ಆರ್ಬಿಟರ್‌ನ ರೇಡಿಯೊ, ಪ್ಲಾಸ್ಮಾ ಅಲೆಗಳ ಉಪಕರಣ ಆರ್‌ಪಿಡಬ್ಲ್ಯೂನಲ್ಲಿದೆ: 6.5 ಮೀಟರಿನ ಮೂರು ಆಂಟೆನಾ, ಕೆಲವು ಕಿಲೋಹರ್ಟ್ಸ್‌ನಿಂದ 16 ಮೆಗಾಹರ್ಟ್ಸ್‌ವರೆಗಿನ ರಿಸೀವರ್‌ಗಳು.

ತಾರಸಿಗೆ 38 ಮೆಗಾಹರ್ಟ್ಸ್ ಡೈಪೋಲ್ (ಎರಡು ತೋಳಿನ ಆಂಟೆನಾ) ಸಾಕು. ಮನೆ ವೈರಿಂಗಿನ ತಾಮ್ರದ ತಂತಿ, ಒಂದೊಂದು ತೋಳು 1.88 ಮೀಟರ್, ಎತ್ತರ ಸುಮಾರು 2 ಮೀಟರ್. ತಂತಿ ಉತ್ತರ-ದಕ್ಷಿಣವಾಗಿರಲಿ, ಪೂರ್ವ-ಪಶ್ಚಿಮ ಕಟ್ಟಿದರೆ ಬೆಳಿಗ್ಗೆ, ಸಂಜೆ ಸೂರ್ಯ ಅದರ ಕುರುಡು ತುದಿಯ ಕಡೆ ಬರುತ್ತಾನೆ. ಡಿಶ್ ಟಿವಿಯ ಆರ್‌ಜಿ-6 ಕೇಬಲ್ ಹೊಂದುತ್ತದೆ. ಆದರೆ ಅದರ ಅಲ್ಯೂಮಿನಿಯಂ ಹೆಣಿಗೆ ತಾಮ್ರಕ್ಕೆ ತಾಗುವಲ್ಲಿ ಉಪ್ಪುಗಾಳಿ ಸೇರಿದರೆ ಬೇಗ ಬಿಳಿ ಪುಡಿಯಾಗುತ್ತದೆ. ಮಲ್ಪೆ ಕಡೆಯವರು ಈ ಜಾಯಿಂಟನ್ನು ರಬ್ಬರ್ ಟೇಪಿನಿಂದ ಪೂರ್ತಿ ಮುಚ್ಚದೆ ಬಿಡಬಾರದು. ಗುಡುಗಿನ ಮುನ್ಸೂಚನೆ ಇದ್ದರೆ ಕೇಬಲ್ ಮೊದಲೇ ಕಳಚಿಡಿ.

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್) ಮುನ್ನ ಎಫ್‌ಎಂ ತಡೆಯುವ ಫಿಲ್ಟರ್ ಹಾಕಿ. ಗೇನನ್ನು (ಸಂಕೇತ ಹಿಗ್ಗಿಸುವ ಪ್ರಮಾಣ) ತಾನಾಗಿ ಹೊಂದಿಸುವ ಎಜಿಸಿ ಆಫ್ ಮಾಡಿ, ಗೇನ್ ಒಂದೇ ಕಡೆ ನಿಲ್ಲಿಸಿ. ಇಲ್ಲದಿದ್ದರೆ ಸೂರ್ಯ ಏರಿಸಿದ್ದನ್ನು ಡಾಂಗಲ್ಲೇ ಇಳಿಸಿಬಿಡುತ್ತದೆ. ಆಂಟೆನಾ ಕಿತ್ತಾಗ ಗದ್ದಲ ಕೆಲವು ಡೆಸಿಬೆಲ್ ಬೀಳಬೇಕು. ಬೀಳದಿದ್ದರೆ ಆಕಾಶದ ಸದ್ದು ಒಳಗೆ ಬರುತ್ತಿಲ್ಲ. ಬಿದ್ದರೂ ಒಮ್ಮೆ ಇನ್ವರ್ಟರ್, ಎಲ್‌ಇಡಿ ದೀಪ ಆರಿಸಿ ನೋಡಿ. ಗದ್ದಲ ಇನ್ನೂ ತಗ್ಗಿದರೆ ಅಷ್ಟು ಪಾಲು ಮನೆಯದ್ದೇ.

38 ಮೆಗಾಹರ್ಟ್ಸ್‌ನಲ್ಲಿ ಸ್ಫೋಟ ಸೆಕೆಂಡಿಗೆ ಸುಮಾರು 8 ಮೆಗಾಹರ್ಟ್ಸ್ ಜಾರುತ್ತದೆ. ಡಾಂಗಲ್‌ನ 2.4 ಮೆಗಾಹರ್ಟ್ಸ್ ಅಗಲವನ್ನು ದಾಟಲು 0.3 ಸೆಕೆಂಡು. ಹಾಗಾಗಿ ಸಮಯ-ಆವರ್ತನದ ಚಿತ್ರದಲ್ಲಿ ಓರೆಗೆರೆ ಕಾಣುವುದಿಲ್ಲ. ಸಿಡಿಲಿನಂತೆ ನೆಟ್ಟಗಿನ ಗೆರೆಯೇ. ವ್ಯತ್ಯಾಸ ಅವಧಿಯಲ್ಲಿದೆ: ಸಿಡಿಲು ಚೂರುಚೂರಾಗಿ ಸೆಕೆಂಡಿನೊಳಗೆ ಮುಗಿಯುತ್ತದೆ, ಸ್ಫೋಟ ಥಟ್ಟನೆ ಏರಿ ಕೆಲವು ಸೆಕೆಂಡು ನಿಧಾನಕ್ಕೆ ಇಳಿಯುತ್ತದೆ. ಸಿಡಿಲು ಹೆಚ್ಚಿರುವ ಮೇ ಮತ್ತು ಅಕ್ಟೋಬರ್‌ನ ಮಧ್ಯಾಹ್ನಗಳನ್ನು ನಂಬಬೇಡಿ.

ಇನ್ನು ತಾರಸಿಯ ದಾಖಲೆಗೂ ನೌಕೆಯ ದಾಖಲೆಗೂ ಹೊಂದಾಣಿಕೆ. ಸಮಯವನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯ) ತನ್ನಿ, ಅಂದರೆ 5 ಗಂಟೆ 30 ನಿಮಿಷ ಕಳೆಯಿರಿ. ಬೆಳಕಿನ ಪಯಣದ ಲೆಕ್ಕ ಮರೆತವರೇ ಹೆಚ್ಚು ಎಡವುವುದು: ಭೂಮಿಗೆ 499 ಸೆಕೆಂಡು, 0.3 ಖಗೋಳಮಾನದಲ್ಲಿರುವ (ಸೂರ್ಯನಿಂದ ಭೂಮಿಯ ದೂರ 1 ಖಗೋಳಮಾನ) ನೌಕೆಗೆ 150. ನೌಕೆ ಅದೇ ಸ್ಫೋಟವನ್ನು 5 ನಿಮಿಷ 49 ಸೆಕೆಂಡು ಮೊದಲೇ ಕಂಡಿರುತ್ತದೆ. ನೌಕೆ ಸೂರ್ಯನ ಆಚೆ ಬದಿಯಲ್ಲಿದ್ದರೆ ಗುರುತು ಮಸುಕಾಗಬಹುದು.

ಸೋಲಾರ್ ಆರ್ಬಿಟರ್ ಆರ್ಕೈವ್‌ನ ಸಿಡಿಎಫ್ (ವೈಜ್ಞಾನಿಕ ದತ್ತಾಂಶದ ಒಂದು ರೂಪ) ಕಡತದಲ್ಲಿ ಪ್ರತಿ ಆವರ್ತನಕ್ಕೂ ಶಾಂತ ಹೊತ್ತಿನ ಮಧ್ಯಾಂಕ ತೆಗೆದು ಭಾಗಿಸಿ, ಡೆಸಿಬೆಲ್‌ಗೆ ತಿರುಗಿಸಿ. ದಿನವಿಡೀ ಅಲುಗದ ಅಡ್ಡಗೆರೆಗಳು ನೌಕೆಯ ವಿದ್ಯುತ್ ಪರಿವರ್ತಕಗಳ ಗದ್ದಲವಾಗಿರುವ ಸಾಧ್ಯತೆ ಹೆಚ್ಚು. ಆ ಚಾನೆಲ್‌ಗಳನ್ನು ಬಿಡಿ. ಆದರೆ ಮೆಲ್ಲನೆ ಹೊಯ್ದಾಡುವ ಗೆರೆಯನ್ನು ಅಳಿಸಬೇಡಿ, ಅದು ನೌಕೆಯ ಸುತ್ತಲಿನ ಪ್ಲಾಸ್ಮಾದ್ದು. ಅದರ ಆವರ್ತನವನ್ನು ಕಿಲೋಹರ್ಟ್ಸ್‌ನಲ್ಲಿ 9ರಿಂದ ಭಾಗಿಸಿ ವರ್ಗ ಮಾಡಿದರೆ ಘನ ಸೆಂಟಿಮೀಟರಿಗೆ ಎಷ್ಟು ಎಲೆಕ್ಟ್ರಾನ್ ಎಂದು ಸಿಗುತ್ತದೆ: 60 ಕಿಲೋಹರ್ಟ್ಸ್‌ಗೆ ಸುಮಾರು 44.

ಎಲೆಕ್ಟ್ರಾನ್‌ಗಳ ವೇಗಕ್ಕೆ ಒರಟು ಲೆಕ್ಕ: ಪ್ಲಾಸ್ಮಾ ಆವರ್ತನ 0.1 ಖಗೋಳಮಾನದಲ್ಲಿ 240 ಕಿಲೋಹರ್ಟ್ಸ್, 0.2ರಲ್ಲಿ 120 ಎಂದಿಟ್ಟುಕೊಳ್ಳಿ. ಸ್ಫೋಟ 240ರಿಂದ 120ಕ್ಕೆ ಇಳಿಯಲು 4 ನಿಮಿಷವಾದರೆ 1.5 ಕೋಟಿ ಕಿಲೋಮೀಟರಿಗೆ 240 ಸೆಕೆಂಡು, ಅಂದರೆ ಸೆಕೆಂಡಿಗೆ 62,500 ಕಿಲೋಮೀಟರ್. ಹೊಮ್ಮಿದ್ದು ಪ್ಲಾಸ್ಮಾ ಆವರ್ತನದ ಇಮ್ಮಡಿಯಲ್ಲಾದರೆ ದೂರವೂ ವೇಗವೂ ಇಮ್ಮಡಿ, ಎರಡನ್ನೂ ಬರೆದಿಟ್ಟುಕೊಳ್ಳಿ.