ಆರಿದ್ರಾ ಮಳೆಯಲ್ಲಿ ಕೊತ್ತಂಬರಿ ಸೊಪ್ಪು: ನನ್ನ ಟನೆಲ್ ಅನುಭವ

2025ರ ಚೌತಿ ಆಗಸ್ಟ್ 27ಕ್ಕೆ ಬಿತ್ತು. ಅದರ ಹಿಂದಿನ ಒಂದು ವಾರದಲ್ಲಿ ಕಮಾನಿಗೆ ಪ್ಲಾಸ್ಟಿಕ್ ಹೊದಿಸಿದ ನಮ್ಮ ಟನೆಲ್‌ನಿಂದ ಒಂದು ಕ್ವಿಂಟಲ್ ಹತ್ತಿರ ಮುಳ್ಳುಸೌತೆ ಕೊಯ್ದು ಉತ್ತರ ಕನ್ನಡದ ಸಿದ್ದಾಪುರದ ಅಂಗಡಿಗಳಿಗೆ ಹಾಕಿದೆ. ಗಣಪತಿಯ ಮೇಲೆ ಫಲಾವಳಿ ಕಟ್ಟಲು ಎಳೆಕಾಯಿ ಬೇಕು ಅಂತ ಊರಿನವರು ಮನೆಗೇ ಬಂದು ಒಯ್ದರು. ಕೆಳಗಿನ ಮನೆ ಮಾವನೂ ಬಂದಿದ್ದರು. ಆರು ವರ್ಷದ ಹಿಂದೆ ನನ್ನ ಬಿದಿರಿನ ಕಮಾನು ನೋಡಿ, "ತಮಾ, ಆರಿದ್ರಾ ಮಳೆ ಬರ್ಲಿ, ಇದು ಹೊಳೆ ಪಾಲಾಗ್ತು" ಅಂದವರು ಅವರೇ. ಈ ಸಲ ಒಳಗೆ ಹೋಗಿ, ಬಳ್ಳಿ ಎತ್ತಿ ನೋಡಿ, ಪೈಪು ಎಷ್ಟು ಇಂಚಿನದು ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯಲು ಕೂತೆ.

ಟನೆಲ್ ಕಟ್ಟುವ ಕ್ರಮ ನಾನು ಹೇಳಬೇಕಾಗಿಲ್ಲ. ಅಡಿಕೆ ಒಣಗಿಸಲು ನಮ್ಮ ಕಡೆ ಈಗ ಎಷ್ಟೋ ಮನೆಯಂಗಳದಲ್ಲಿ ಪ್ಲಾಸ್ಟಿಕ್ ಗೂಡು ಎದ್ದಿದೆ. ಶೀಟು, ಅದನ್ನು ಪೈಪಿಗೆ ಹಿಡಿಸುವ ಚಾನೆಲ್, ಸ್ಪ್ರಿಂಗ್ ಎಲ್ಲ ನಿಮಗೆ ಗೊತ್ತು. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ತರಕಾರಿ ಬೆಳೆಯುವುದೇ ಬೇರೆ. ಆ ನಾಲ್ಕು ತಿಂಗಳು ನಮಗೆ ತರಕಾರಿ ಬರುವುದು ಹುಬ್ಬಳ್ಳಿ, ಹಾವೇರಿ ಕಡೆಯಿಂದ. ಸೊಪ್ಪು ಲಾರಿಯಲ್ಲೇ ಅರ್ಧ ಕೊಳೆತಿರುತ್ತದೆ. ಇಲ್ಲೇ ಬೆಳೆದರೆ ಮಾರಾಟಕ್ಕೆ ಕಷ್ಟ ಇಲ್ಲ ಅನ್ನುವುದು ನನಗೆ ಮೊದಲಿನಿಂದಲೂ ಖಾತ್ರಿ ಇತ್ತು. ಬೆಳೆಯುವುದೇ ಮೂರು ವರ್ಷ ಆಗಲಿಲ್ಲ.

ಮೊದಲನೇದು 2019. ಅಡಿಕೆ ಮರದ ಕಂಬ, ಬಿದಿರಿನ ಕಮಾನು, ಪೇಟೆಯಲ್ಲಿ ಸಿಕ್ಕ ಅಗ್ಗದ ಪ್ಲಾಸ್ಟಿಕ್. ಬಿಸಿಲಿಗೆ ಬೇಗ ಹಾಳಾಗದ ಯುವಿ ಶೀಟಿಗೆ ಯಾಕೆ ಸುಮ್ನೆ ದುಡ್ಡು ಹಾಕುವುದು ಅಂತ ಬಿಟ್ಟೆ. ಹನ್ನೊಂದು ಸಾವಿರವೋ ಹನ್ನೆರಡೋ ಆಗಿತ್ತು. ಕಮಾನು ಚಪ್ಪಟೆ ಆಯಿತು, ಅದೇ ದೊಡ್ಡ ತಪ್ಪು. ಆ ವರ್ಷ ಆಗಸ್ಟ್ ಮೊದಲ ವಾರ ಎಂಥ ಮಳೆ ಅಂತ ನಿಮಗೆ ನೆನಪಿರಬಹುದು, ಉತ್ತರ ಕರ್ನಾಟಕದಲ್ಲೆಲ್ಲ ನೆರೆ ಬಂದ ವಾರ. ಎರಡು ಕಮಾನಿನ ನಡುವೆ ನೀರು ನಿಂತು ಶೀಟು ಎಮ್ಮೆ ಕೆಚ್ಚಲ ಹಾಗೆ ಜೋತುಬಿತ್ತು. ರಾತ್ರಿ ಹತ್ತಕ್ಕೊಮ್ಮೆ, ಎರಡಕ್ಕೊಮ್ಮೆ ಎದ್ದು, ಕೋಲಿಗೆ ಬಟ್ಟೆ ಸುತ್ತಿ ಒಳಗಿನಿಂದ ಎತ್ತಿ ನೀರು ಚೆಲ್ಲುತ್ತಿದ್ದೆ. ಮೂರನೇ ರಾತ್ರಿ ಎಚ್ಚರ ಆಗಲಿಲ್ಲ. ಬೆಳಿಗ್ಗೆ ಆಯಿ ಬಂದು ಎಬ್ಬಿಸಿದರು. ನಾಲ್ಕು ಕಮಾನು ಮುರಿದು, ಮೊಣಕಾಲೆತ್ತರದ ಬೆಂಡೆ ಗಿಡದ ಮೇಲೆ ಶೀಟು ಕಂಬಳಿ ಹಾಗೆ ಮಲಗಿತ್ತು.

2020ರಲ್ಲಿ 200 ಮೈಕ್ರಾನ್ ಯುವಿ ಶೀಟನ್ನೇ ತಂದೆ. ಕಮಾನು ಎತ್ತರ ಮಾಡಿದೆ. ಶೀಟು ಗಟ್ಟಿ ನಿಂತಿತು, ಒಂದು ಹನಿ ಒಳಗೆ ಬರಲಿಲ್ಲ. ಆದರೂ ಗಿಡ ಸತ್ತವು. ಆಗ ಗೊತ್ತಾಗಿದ್ದು, ನಮ್ಮಲ್ಲಿ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಪುನರ್ವಸು ಮಳೆಯ ಹೊತ್ತಿಗೆ ನೆಲದಲ್ಲಿ ಜಲ ಏಳುತ್ತದೆ. ಟನೆಲ್ ಒಳಗೆ ಮೇಲ್ಮಣ್ಣು ಒಣಗಿದ ಹಾಗೆ ಕಂಡರೂ ಹಿಮ್ಮಡಿ ಒತ್ತಿದರೆ ಸುತ್ತ ನೀರು ಜಿನುಗುತ್ತಿತ್ತು. ಮೆಣಸಿನ ಗಿಡ ಕಿತ್ತರೆ ಬೇರಿನ ಸಿಪ್ಪೆ ಕೈಗೇ ಬಂತು. ಧರೆ (ಮೇಲ್ಗಡೆಯ ಮಣ್ಣಿನ ದಿಬ್ಬ) ಕಡೆಗೆ ಬಸಿಗಾಲುವೆ ತೆಗೆಯದೆ ಟನೆಲ್ ಕಟ್ಟಿದ್ದು ಪೂರ್ತಿ ನನ್ನದೇ ತಪ್ಪು. ತೋಟಕ್ಕೆ ಬಸಿಗಾಲುವೆ ಇಲ್ಲದಿದ್ದರೆ ಅಡಿಕೆ ಉಳಿಯುವುದಿಲ್ಲ ಅಂತ ಗೊತ್ತಿದ್ದವನಿಗೆ ಟನೆಲ್‌ಗೂ ಅದೇ ಬೇಕು ಅಂತ ಹೊಳೆಯಲಿಲ್ಲ. ಈಗ ಮೇಲ್ಗಡೆ ಎರಡೂವರೆ ಅಡಿ ಆಳದ ಕಾಲುವೆ ಇದೆ. ಎರಡು ಪಕ್ಕದಲ್ಲೂ ಒಂದೂವರೆ ಅಡಿ. ಒಳಗೆ ಗಿಡ ನೆಡುವ ಏರಿ ಒಂದಡಿ ಎತ್ತರ. ಇನ್ನೇನು ಮಾಡಿದರೂ ಬಿಟ್ಟರೂ ಇದನ್ನು ಬಿಡಬೇಡಿ.

2021ರಲ್ಲಿ ಬಯಲುಸೀಮೆಯ ಪಾಲಿಹೌಸ್ ನೋಡಿಕೊಂಡು ಬಂದು, ಅದೇ ಥರ ನಾಲ್ಕೂ ಕಡೆ ಮುಚ್ಚಿದೆ. ಕೆಳಗೆ ಶೀಟು, ಮೇಲೆ ಕೀಟ ತಡೆಯುವ 40 ಮೆಶ್ ಬಲೆ. ಅಲ್ಲಿ ಬಿಸಿಲಿದೆ, ಒಣಗಾಳಿ ಇದೆ. ನಮ್ಮಲ್ಲಿ ಜುಲೈನಲ್ಲಿ ಒಗೆದ ಪಂಚೆಯೇ ನಾಲ್ಕು ದಿನ ಒಣಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಶೀಟಿನ ಒಳಮೈಯಲ್ಲೆಲ್ಲ ಹನಿ. ಕೈ ತಾಗಿದರೆ ಸಾಲಾಗಿ ಇಳಿದು ಎಲೆ ಮೇಲೆ ಬೀಳುತ್ತಿದ್ದವು. ಟೊಮೆಟೊಗೆ ಅಂಗಮಾರಿ ರೋಗ ಬಂದು ಎಂಟು ದಿನದಲ್ಲಿ ಸಾಲು ಪೂರ್ತಿ ಕರಿಯಾಯಿತು. ಮುಳ್ಳುಸೌತೆ ಬಳ್ಳಿ ಮಾತ್ರ ಚೆನ್ನಾಗಿ ಹಬ್ಬಿತು, ಹೂವೂ ಬಿಟ್ಟಿತು, ಒಂದೂ ಕಾಯಿ ನಿಲ್ಲಲಿಲ್ಲ. ಬಲೆ ಹಾಕಿ ಜೇನಿನ ದಾರಿಯನ್ನೇ ಮುಚ್ಚಿದ್ದೆ. ಬೆಳಿಗ್ಗೆ ಎದ್ದು ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುತ್ತಾ ಹದಿನೈದು ದಿನ ಕಳೆದೆ. ಆ ವರ್ಷದ ಲೆಕ್ಕ ತೆಗೆದರೆ, ಮೂರು ವರ್ಷದಲ್ಲಿ ಕೂಲಿ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಗಿತ್ತು. ಬಂದಿದ್ದು ಆರು ಸಾವಿರ ಇದ್ದರೆ ಹೆಚ್ಚು. ಭಾವ ಆಗ, "ಆ ದುಡ್ಡಿಗೆ ಎರಡು ಲೋಡ್ ಗೊಬ್ಬರ ತೋಟಕ್ಕೆ ಹಾಕಿದ್ರೆ ಅಡಿಕೆನಾದ್ರೂ ಬತ್ತಿತ್ತು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಆ ವರ್ಷವೇ ನನಗೆ ವಿಷಯ ಅರ್ಥ ಆಗಿದ್ದು. ಮಲೆನಾಡಿನಲ್ಲಿ ಟನೆಲ್ ಅಂದರೆ ಕೊಡೆ. ಕೊಡೆಗೆ ಗೋಡೆ ಬೇಡ. 2022ರಲ್ಲಿ ಮತ್ತೆ ಕಟ್ಟುವಾಗ ಪಕ್ಕದಲ್ಲಿ ನೆಲದಿಂದ ನಾಲ್ಕಡಿ ಪೂರ್ತಿ ಬಿಟ್ಟೆ. ತುದಿ ಎರಡೂ ತೆರೆದೇ ಇವೆ. ಗಾಳಿಗೆ ಎರಚಲು ಬರುತ್ತದೆ, ಅಂಚಿನ ಒಂದಡಿ ನೆನೆಯುತ್ತದೆ. ಅಲ್ಲಿ ಕೆಸು, ಅರಿಶಿನ ಹಾಕಿದ್ದೇನೆ, ನೆನೆದರೂ ತೊಂದರೆ ಇಲ್ಲ.

ಈಗಿರುವ ಟನೆಲ್ 20 ಅಡಿ ಅಗಲ, 60 ಅಡಿ ಉದ್ದ. ಒಂದು ಗುಂಟೆಗೆ ಚೂರು ಜಾಸ್ತಿ. ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಆರಡಿಗೊಂದು ಕಮಾನು, ನಡುವೆ ಹನ್ನೊಂದಡಿ ಎತ್ತರ. ಪೈಪಿಗೆ ಮೂವತ್ತು ಸಾವಿರ, ಬಗ್ಗಿಸಿ ವೆಲ್ಡಿಂಗ್ ಮಾಡಿದ್ದಕ್ಕೆ ಹನ್ನೆರಡು, ಶೀಟಿಗೆ ಒಂಬತ್ತು, ಚಾನೆಲ್ ಸ್ಪ್ರಿಂಗಿಗೆ ಆರು. ಕಾಂಕ್ರೀಟು, ಡ್ರಿಪ್ಪು, ಡ್ರಮ್ಮು, ಕೂಲಿ ಎಲ್ಲ ಸೇರಿ ಎಪ್ಪತ್ತೆರಡು ಸಾವಿರ ಆಗಿತ್ತು, ಸಾವಿರ ಆಚೀಚೆ. ಸಬ್ಸಿಡಿಗೆ ಹೋಗಲಿಲ್ಲ. ಇಷ್ಟು ಸಣ್ಣದಕ್ಕೆ ಓಡಾಡಿದ ದಿನದ ಕೂಲಿಯೇ ಜಾಸ್ತಿ ಆಗುತ್ತಿತ್ತು.

ಶೀಟು ಎಳೆಯುವ ಹೊತ್ತಿನ ಬಗ್ಗೆ ಒಂದು ಮಾತು. ತಂಪಿರುತ್ತದೆ ಅಂತ ಮೊದಲು ಬೆಳಿಗ್ಗೆ ಎಳೆದು ಸ್ಪ್ರಿಂಗ್ ಹಾಕಿದ್ದೆ. ಮಧ್ಯಾಹ್ನ ಬಿಸಿಲಿಗೆ ಶೀಟು ಹಿಗ್ಗಿ ಪಟಪಟ ಬಡಿಯಲು ಶುರುವಾಯಿತು. ಬಡಿಯುವ ಶೀಟು ಹರಿದೇ ಹರಿಯುತ್ತದೆ. ಪೂರ್ತಿ ಬಿಚ್ಚಿ, ಮಾರನೇ ದಿನ ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಆರು ಜನ ನಿಂತು ಎಳೆದೆವು. ಸಂಜೆ ತಣ್ಣಗಾದ ಮೇಲೆ ಬೆರಳಲ್ಲಿ ಬಡಿದರೆ ಚಂಡೆ ಹಾಗೆ ಸದ್ದು ಬಂತು. ಪೈಪಿನ ಬೆನ್ನಿಗೆ ಬಿಳಿ ಬಣ್ಣ ಹೊಡೆದಿದ್ದೆ. ಕಾದ ಕಬ್ಬಿಣ ತಾಗಿದಲ್ಲೇ ಶೀಟು ಮೊದಲು ಸಾಯುವುದು.

ಇನ್ನೊಂದು, ಪಾಚಿ. ಜುಲೈ ಮುಗಿಯುವಷ್ಟರಲ್ಲಿ ಶೀಟಿನ ಮೇಲೆ ಹಸಿರು ಪದರ ಕೂರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಬೆಳಕೇ ಕಡಿಮೆ, ಅದರಲ್ಲೂ ಅರ್ಧ ಇದು ತಿನ್ನುತ್ತದೆ. ಉದ್ದ ಬಿದಿರಿಗೆ ಗೋಣಿ ಕಟ್ಟಿ, ಮಳೆ ಬರುವಾಗಲೇ ಎರಡು ಕಡೆಯಿಂದ ಉಜ್ಜುತ್ತೇವೆ, ತಿಂಗಳಿಗೊಮ್ಮೆ. ಬೆಳಕು ಸಾಲದ್ದಕ್ಕೇ ನಾನು ಟೊಮೆಟೊ ಕೈಬಿಟ್ಟೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿದ್ದೆ. ಅದು ಸೊರಗು ರೋಗ ತಡೆಯಿತು, ಸುಳ್ಳು ಹೇಳಬಾರದು. ಆದರೆ ಮೋಡದಲ್ಲಿ ಕಾಯಿ ಹಣ್ಣಾಗಲು ಸತಾಯಿಸಿತು. ದೊಣಮೆಣಸು ಹೂ ಉದುರಿಸಿತು. ಕೊನೆಗೆ ಕೈಹಿಡಿದಿದ್ದು ಕೊತ್ತಂಬರಿ, ಮೆಂತೆ, ಹರಿವೆ, ಮುಳ್ಳುಸೌತೆ.

ಟೊಮೆಟೊ ಬಿಡುವ ಮುಂಚೆ ಒಂದು ಪ್ರಯೋಗ ಮಾಡಿದ್ದೆ, ಅದನ್ನು ಹೇಳದಿದ್ದರೆ ಸಮಾಧಾನ ಇಲ್ಲ. ಸೊರಗು ರೋಗ ತಡೆಯಲು ಸುಂಡೆಕಾಯಿ ಗಿಡದ ಮೇಲೆ ಟೊಮೆಟೊ ಕಸಿ ಕಟ್ಟಿದೆ. ಸುಂಡೆ ಬೀಜ ಮೊಳೆಯುವುದು ತಡ, ಹಾಗಾಗಿ ಟೊಮೆಟೊಗಿಂತ ಸುಮಾರು ಒಂದು ತಿಂಗಳು ಮುಂಚೆ ಹಾಕಬೇಕಾಯಿತು. ನಲವತ್ತು ಕಟ್ಟಿದ್ದರಲ್ಲಿ ಇಪ್ಪತ್ಮೂರು ಉಳಿದವು. ಕಸಿ ಆದ ಮೇಲೆ ಐದು ದಿನ ಕತ್ತಲಲ್ಲಿ, ಒದ್ದೆ ಗೋಣಿ ಮುಚ್ಚಿದ ದೊಡ್ಡ ಹಂಡೆಯೊಳಗೆ ಇಟ್ಟಿದ್ದೆ. ಆ ಇಪ್ಪತ್ಮೂರರಲ್ಲಿ ಒಂದೂ ಸೊರಗಲಿಲ್ಲ. ಬೇಸಿಗೆ ಬೆಳೆಗೆ ಇದನ್ನು ಮತ್ತೆ ಮಾಡುವವನಿದ್ದೇನೆ.

ಜೇನಿನ ಕಥೆಯೂ ಉಂಟು. ಪಕ್ಕ ತೆರೆದ ಮೇಲೂ ಹೊಡೆತದ ಮಳೆಯಲ್ಲಿ ತುಡುವೆ ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ತುಡುವೆ ಪೆಟ್ಟಿಗೆಯನ್ನೇ ಒಳಗೆ ಇಟ್ಟು ನೋಡಿದೆ, ಎಷ್ಟೋ ಹುಳ ಶೀಟಿಗೆ ಬಡಿದು ಸತ್ತವು. ಬೇಜಾರಾಗಿ ಮೂರೇ ದಿನಕ್ಕೆ ಹೊರಗೆ ತಂದೆ. ಆಮೇಲೆ ಮಿಸರಿ (ಕುಟುಕದ ಸಣ್ಣ ಜೇನು) ಗೂಡು ಎರಡು ಇಟ್ಟೆ. ಸಣ್ಣ ಹುಳ, ಹತ್ತಿರದಲ್ಲೇ ಓಡಾಡುತ್ತದೆ. ಮಳೆ ಹೊರಗೆ ಸುರಿಯುತ್ತಿದ್ದರೂ ಹತ್ತು ಗಂಟೆಯ ಮೇಲೆ ಹೂವಿನಲ್ಲಿ ಮಿಸರಿ ಕೂತಿರುವುದನ್ನು ನೋಡಬೇಕು. ಪರಾಗಸ್ಪರ್ಶ ಬೇಡದ ಮುಳ್ಳುಸೌತೆ ತಳಿಯೂ ಸಿಗುತ್ತದೆ. ಬೀಜದ ಬೆಲೆ ಕೇಳಿ ವಾಪಸ್ ಬಂದೆ.

ಮಳೆಗಾಲದಲ್ಲಿ ನೀರು ಹಾಯಿಸುವುದನ್ನು ಊರು ನಂಬುವುದಿಲ್ಲ. ಹೊರಗೆ ಧೋ ಅಂತ ಮಳೆ, ಒಳಗೆ ಡ್ರಿಪ್ಪು ಬಿಟ್ಟಿರುತ್ತೇನೆ. ಕಾಲುವೆ ತೆಗೆದ ಮೇಲೆ ಏರಿ ಒಣಗುತ್ತದೆ, ವಾರಕ್ಕೆ ಎರಡು ಸಲ ನೀರು ಬೇಕೇ ಬೇಕು. ಶೀಟಿನ ನೀರನ್ನೇ ಹಿಡಿಯುತ್ತೇನೆ. ಈ ಅಳತೆಯ ಟನೆಲ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ನೂರು ಲೀಟರ್‌ಗೆ ಮೇಲಾಗುತ್ತದೆ. ಒಂದು ಕಡೆ ಮಾತ್ರ ಹರಣಿ (ನೀರು ಹಿಡಿಯುವ ದೋಣಿ) ಹಾಕಿದರೂ ಸಾವಿರ ಲೀಟರ್ ಡ್ರಮ್ಮು ಒಂದೇ ಮಳೆಗೆ ತುಂಬಿ ಹರಿಯುತ್ತದೆ.

ಬಸವನಹುಳು, ಅದರಲ್ಲೂ ಚಿಪ್ಪಿಲ್ಲದ್ದು, ಕೊತ್ತಂಬರಿಯ ಮೊದಲ ಶತ್ರು. ಮೊಳಕೆ ಬಂದ ರಾತ್ರಿಯೇ ಮಡಿ ಬೋಳು. ಸಂಜೆ ಒದ್ದೆ ಗೋಣಿ ಹಾಸಿ, ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಹಿಡಿದು ಎತ್ತಿದರೆ ಅಡಿಯಲ್ಲಿ ಅಂಟಿಕೊಂಡಿರುತ್ತವೆ. ಉಪ್ಪುನೀರಿನ ಡಬ್ಬಿಗೆ ಹಾಕುತ್ತೇವೆ. ಮೊದಲ ವಾರ ದಿನಕ್ಕೆ ಇನ್ನೂರು ಸಿಕ್ಕಿದ್ದುಂಟು. ಗೋಣಿಗೆ ಏನು ಸವರಿದರೆ ಜಾಸ್ತಿ ಬರುತ್ತವೆ ಅನ್ನುವುದು ನನ್ನ ಹೆಂಡತಿ ಕಂಡುಹಿಡಿದಿದ್ದು, ಅದನ್ನು ಅವಳೇ ಹೇಳಬೇಕು. ಮಂಗ ಶೀಟಿನ ಮೇಲೆ ಹಾರದ ಹಾಗೆ ಮಾಡಿದ್ದನ್ನೂ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಮಾಡಿದರೆ ಮಂಗ ಅದಕ್ಕೆ ಒಗ್ಗಿಬಿಡುತ್ತದೆ. ಮನೆಗೆ ಬಂದರೆ ತೋರಿಸುತ್ತೇನೆ.

2023ರಲ್ಲಿ ಮಳೆಯೇ ಕೈಕೊಟ್ಟಿತು, ಬೆಳೆ ಚೆನ್ನಾಗಿ ಬಂತು. ಭಾವ ಒಪ್ಪಲಿಲ್ಲ, ಅದು ಪರೀಕ್ಷೆಯೇ ಅಲ್ಲ ಅಂದರು. 2024ರ ಜುಲೈ ಬಂತು. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಆ ವಾರ ನಮ್ಮಲ್ಲೂ ಹಗಲು ರಾತ್ರಿ ಬಿಡಲಿಲ್ಲ, ನಾಲ್ಕು ದಿನ ಕರೆಂಟಿಲ್ಲ. ಟನೆಲ್ ಒಳಗೆ ಎರಡನೇ ಕೊತ್ತಂಬರಿ ಗೇಣುದ್ದ ನಿಂತಿತ್ತು. ಆ ವಾರ ಹುಬ್ಬಳ್ಳಿ ಸೊಪ್ಪು ಸರಿಯಾಗಿ ಬರಲಿಲ್ಲ, ಅಂಗಡಿಯವರು ಕಟ್ಟಿಗೆ ಇಪ್ಪತ್ತು ಕೊಟ್ಟು ಒಯ್ದರು.

2025ರ ಲೆಕ್ಕ ಹೇಳುತ್ತೇನೆ. ಕೊತ್ತಂಬರಿ ಮೂರು ಸಲ ಕೊಯ್ದು ಸುಮಾರು ಸಾವಿರದ ನೂರು ಕಟ್ಟು, ಸರಾಸರಿ ಹದಿನಾಲ್ಕು ರೂಪಾಯಿ. ಮುಳ್ಳುಸೌತೆ ನೂರೈವತ್ತು ಬಳ್ಳಿ, ನಾಲ್ಕೂವರೆ ಕ್ವಿಂಟಲ್, ಕಿಲೋಗೆ ಮೂವತ್ತೈದು ಸಿಕ್ಕಿತು. ಹರಿವೆ, ಮೆಂತೆಯಿಂದ ಏಳು ಸಾವಿರ. ಒಟ್ಟು ಮೂವತ್ತೆಂಟರಿಂದ ಮೂವತ್ತೊಂಬತ್ತು ಸಾವಿರ. ಬೀಜ, ಗೊಬ್ಬರ, ಕೂಲಿ ಎಂಟೊಂಬತ್ತು ಸಾವಿರ ಕಳೆಯಿರಿ. ಮುಳ್ಳುಸೌತೆ ಬೀಜವನ್ನು ಜುಲೈ 8ರ ಸುಮಾರಿಗೆ ಹಾಕಿದ್ದೆ, ಚೌತಿಯಿಂದ ಐವತ್ತು ದಿನ ಹಿಂದಕ್ಕೆ ಎಣಿಸಿ. ಮೋಡದಲ್ಲಿ ಐದಾರು ದಿನ ತಡ ಆಗುತ್ತದೆ, ಅದನ್ನೂ ಸೇರಿಸಿಕೊಳ್ಳಬೇಕು.

ಅಕ್ಟೋಬರ್ ಕೊನೆಗೆ ಬಳ್ಳಿ ಕಿತ್ತು, ಅರ್ಧ ಟನೆಲ್‌ನಲ್ಲಿ ಅಟ್ಟಳಿಗೆ ಕಟ್ಟಿ ಚಾಲಿ (ಸಿಪ್ಪೆ ಸಹಿತ ಒಣಗಿಸುವ) ಅಡಿಕೆ ಹರವುತ್ತೇವೆ. ಆಗ ಮಾತ್ರ ಪಕ್ಕದ ಶೀಟು ಇಳಿಸುತ್ತೇನೆ. ಇನ್ನರ್ಧದಲ್ಲಿ ಕಾಳುಮೆಣಸಿನ ಸಸಿಯ ಪ್ಲಾಸ್ಟಿಕ್ ಕೊಟ್ಟೆಗಳು ಇರುತ್ತವೆ. ಈ ಟನೆಲ್ಲಿನ ಮೊದಲ ಶೀಟಿಗೆ ಮೂರು ವರ್ಷ ಆದಾಗ ಮೂಲೆಯಲ್ಲಿ ಬಿರುಕು ಬಂತು, 2025ರ ಏಪ್ರಿಲ್‌ನಲ್ಲಿ ಬದಲಿಸಿದೆ. ಹಳೆಯದನ್ನು ಬಿಸಾಡಿಲ್ಲ, ಕೊಟ್ಟಿಗೆಯ ಗೊಬ್ಬರಗುಂಡಿಗೆ ಮುಚ್ಚಿದ್ದೇನೆ. ಭಾವ ಈಗ 30 ಅಡಿ ಅಗಲದ್ದು ಕಟ್ಟುತ್ತೇನೆ ಅನ್ನುತ್ತಿದ್ದಾರೆ. ಅಷ್ಟು ಅಗಲ ಬೇಡ, ನಡುವೆ ಗಾಳಿ ಆಡುವುದಿಲ್ಲ ಅಂತ ಹೇಳಿದ್ದೇನೆ. ಬರುವ ವಾರ ಜಾಗ ನೋಡಲು ಹೋಗಬೇಕು, ಮೊದಲು ಬಸಿಗಾಲುವೆಗೆ ದಾರ ಹಿಡಿಯುವುದು.